14 ದಿನದ ಮಾತ್ರೆ ಯಾಕೆ? ಮಲೆನಾಡಿನ ಚಳಿಜ್ವರದ ಒಳಹೊರಗು

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಕೂಲಿಯಾಳುಗಳ ಲೈನ್ ಮನೆಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ ಎದುರಾಗುವ ಮಾತೊಂದಿದೆ: "ಜ್ವರ ಬುಟ್ಟೋಯ್ತಲ್ಲಕ್ಕ, ಇನ್ಯಾಕೆ ಮಾತ್ರೆ?" ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಮಲೇರಿಯಾ ಅಂತ ಬಂದಿರುತ್ತದೆ. ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಕೊಟ್ಟಿರುತ್ತಾರೆ. ಮೂರನೇ ದಿನಕ್ಕೆ ನಡುಕ ನಿಂತು, ಬಾಯಿಗೆ ರುಚಿ ಹತ್ತಿ, ಗಂಜಿ ಬಿಟ್ಟು ಮುದ್ದೆ ಉಣ್ಣುವ ಹಾಗಾದ ಮೇಲೆ ಉಳಿದ ಮಾತ್ರೆ ಗೋಡೆಯ ಗೂಡು ಸೇರುತ್ತದೆ. ಹಣ್ಣು ಕೊಯ್ಲಿನ ಕಾಲ ಬೇರೆ, ಕೂಲಿ ಕಳೆದುಕೊಳ್ಳುವಂತಿಲ್ಲ. ಎರಡು ಮೂರು ತಿಂಗಳು ಕಳೆದು ಅದೇ ಮನುಷ್ಯನಿಗೆ ಮತ್ತೆ ಹಲ್ಲು ಕಟಕಟಿಸುವ ಚಳಿ. ಪುನಃ ಸೊಳ್ಳೆ ಕಚ್ಚಿತು ಅಂತ ಲೈನಿನವರೂ ಅಂದುಕೊಳ್ಳುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಹೊಸ ಸೊಳ್ಳೆ ಕಚ್ಚಿರುವುದೇ ಇಲ್ಲ.

"ಡಾಕ್ಟ್ರು ಹೇಳಿದ್ದಾರೆ, ನುಂಗು" ಅನ್ನುವುದು ಆ ಪ್ರಶ್ನೆಗೆ ಉತ್ತರವಲ್ಲ. ಕೇಳಿದವರು ನ್ಯಾಯವಾಗಿಯೇ ಕೇಳಿದ್ದಾರೆ. ಜ್ವರವೇ ಇಲ್ಲದ ಮೇಲೆ ಹನ್ನೊಂದು ದಿನ ಯಾತಕ್ಕೆ ಮಾತ್ರೆ? ಸರಿಯಾಗಿ ಉತ್ತರಿಸಬೇಕಾದರೆ ಮಲೇರಿಯಾ ಉಂಟುಮಾಡುವ ಜೀವಿಯ ಬದುಕನ್ನು ಮೊದಲಿಂದ ಕೊನೆವರೆಗೆ ನೋಡಬೇಕಾಗುತ್ತದೆ.

ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಜ್ವರ ಅಂದರೆ ಒಂದಲ್ಲ. ಡೆಂಗಿ ವೈರಸ್ಸಿನಿಂದ ಬರುತ್ತದೆ, ಅದನ್ನು ಹರಡುವುದು ಹಗಲು ಹೊತ್ತು ಕಚ್ಚುವ ಈಡಿಸ್ ಸೊಳ್ಳೆ. ಮಂಗನ ಕಾಯಿಲೆಯೂ ವೈರಸ್ಸಿನದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಚಿಕ್ಕಮಗಳೂರಿನವರೆಗೂ ಬಂದಿರುವ ಇದನ್ನು ದಾಟಿಸುವುದು ಕಾಡಿನ ಉಣುಗು. ಉಣುಗು ಕೀಟವೂ ಅಲ್ಲ, ಎಂಟು ಕಾಲಿನ ಜೇಡದ ಬಳಗದ್ದು. ಇಲಿ ಜ್ವರ ಬ್ಯಾಕ್ಟೀರಿಯಾದಿಂದ, ಇಲಿಯ ಮೂತ್ರ ಬೆರೆತ ಗದ್ದೆ ನೀರಿನಿಂದ ಬರುವಂಥದ್ದು. ಮಲೇರಿಯಾ ಇವುಗಳ ಸಾಲಿಗೆ ಸೇರುವುದಿಲ್ಲ. ಅದಕ್ಕೆ ಕಾರಣ ಪ್ಲಾಸ್ಮೋಡಿಯಂ ಎಂಬ ಏಕಕೋಶದ ಪರಾವಲಂಬಿ. ವೈರಸ್ಸಿಗಿಂತ, ಬ್ಯಾಕ್ಟೀರಿಯಾಕ್ಕಿಂತ ಇದರ ಸಂಸಾರ ಜಟಿಲ: ಎರಡು ಆತಿಥೇಯರು (ಮನುಷ್ಯ, ಸೊಳ್ಳೆ), ಹಲವು ರೂಪ, ಗಂಡು ಹೆಣ್ಣು ಎಂಬ ಭೇದ, ಎಲ್ಲವೂ ಇದೆ. ಮನುಷ್ಯರಿಗೆ ತಗಲುವ ಮುಖ್ಯ ಜಾತಿಗಳು ಐದು. ಭಾರತದಲ್ಲಿ ಬಹುಪಾಲು ಕಾಣುವುದು ಎರಡು, ವೈವಾಕ್ಸ್ ಮತ್ತು ಫಾಲ್ಸಿಪಾರಂ.

ಕಚ್ಚಿದ ಮೇಲೆ

ಮಲೇರಿಯಾ ಹರಡುವುದು ಅನಾಫಿಲಿಸ್ ಎಂಬ ಸೊಳ್ಳೆ. ಅದರಲ್ಲಿ ರಕ್ತ ಹೀರುವುದು ಹೆಣ್ಣು ಮಾತ್ರ, ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಗಂಡು ಗಿಡದ ರಸ ಕುಡಿದುಕೊಂಡು ಇರುತ್ತದೆ. ಕಚ್ಚುವಾಗ ರಕ್ತ ಹೆಪ್ಪುಗಟ್ಟದಿರಲಿ ಅಂತ ಸೊಳ್ಳೆ ಮೊದಲು ತನ್ನ ಎಂಜಲನ್ನು ಚರ್ಮದೊಳಗೆ ಬಿಡುತ್ತದೆ. ಆ ಎಂಜಲಿನಲ್ಲಿ ಪರಾವಲಂಬಿಯ ಸೂಜಿಯಂಥ ರೂಪಗಳಿರುತ್ತವೆ. ಸ್ಪೋರೋಜಾಯಿಟ್ ಅಂತ ಅವುಗಳ ಹೆಸರು. ಅವು ರಕ್ತ ಸೇರಿದ ಮೇಲೆ ಅಲ್ಲಿ ಕಾಲಹರಣ ಮಾಡುವುದಿಲ್ಲ, ನೆಟ್ಟಗೆ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ಹೋಗಿ ಅಲ್ಲಿನ ಜೀವಕೋಶಗಳೊಳಗೆ ಸೇರಿಕೊಳ್ಳುತ್ತವೆ. ಮುಂದಿನ ಒಂದು ವಾರದ ಆಸುಪಾಸು ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಒಂದೊಂದು ಕೋಶದಲ್ಲೂ ಪರಾವಲಂಬಿ ಸಾವಿರಾರು ಮರಿಗಳಾಗಿ ಒಡೆಯುತ್ತದೆ. ಆ ಕೋಶ ಸಿಡಿದು ಮರಿಗಳೆಲ್ಲ ರಕ್ತಕ್ಕೆ ಬಂದು ಕೆಂಪು ರಕ್ತಕಣಗಳೊಳಗೆ ನುಗ್ಗಿದಾಗಲೇ ಕಾಯಿಲೆ ಶುರು. ಕಚ್ಚಿದ ದಿನದಿಂದ ಮೊದಲ ಜ್ವರಕ್ಕೆ ಸಾಮಾನ್ಯವಾಗಿ ಹತ್ತು ಹದಿನೈದು ದಿನ ಹಿಡಿಯುತ್ತದೆ. ನಿನ್ನೆ ರಾತ್ರಿ ಸೊಳ್ಳೆ ಕಚ್ಚಿತು, ಇವತ್ತು ಜ್ವರ ಬಂತು ಅನ್ನುವ ಲೆಕ್ಕ ಮಲೇರಿಯಾಕ್ಕೆ ಕೂಡುವುದಿಲ್ಲ.

ಕೆಂಪು ಕಣದೊಳಗೆ ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಬೆಳೆದು, ಹಲವು ಮರಿಗಳಾಗಿ, ಕಣವನ್ನು ಒಡೆದು ಹೊರಬಂದು ಮತ್ತೆ ಹೊಸ ಕಣಗಳನ್ನು ಹುಡುಕಿ ಹೋಗುತ್ತದೆ. ವೈವಾಕ್ಸಿನಲ್ಲೂ ಫಾಲ್ಸಿಪಾರಂನಲ್ಲೂ ಈ ಸುತ್ತಿಗೆ ಸುಮಾರು 48 ಗಂಟೆ. ಲಕ್ಷಾಂತರ ಕಣಗಳು ಹೆಚ್ಚು ಕಡಿಮೆ ಒಟ್ಟಿಗೇ ಒಡೆದಾಗ ಒಳಗಿದ್ದ ಕಸವೆಲ್ಲ ರಕ್ತಕ್ಕೆ ಬರುತ್ತದೆ, ಶರೀರ ಅದರ ವಿರುದ್ಧ ಎದ್ದು ನಿಲ್ಲುತ್ತದೆ. ಮೊದಲು ಕಂಬಳಿ ಮೇಲೆ ಕಂಬಳಿ ಹೊದ್ದರೂ ನಿಲ್ಲದ ಚಳಿ, ಆಮೇಲೆ ಮೈ ಸುಡುವ ಕಾವು, ಕಡೆಗೆ ಹಾಸಿಗೆ ಒದ್ದೆಯಾಗುವ ಬೆವರು. ಬೆವರಿದ ಮೇಲೆ ಸುಸ್ತಾಗಿದ್ದರೂ ಮೈ ಹಗುರ. ಮಾರನೇ ದಿನ ಎಂದಿನಂತೆ ಕೆಲಸಕ್ಕೆ ಹೋಗುವವರುಂಟು. ಅದರ ಮಾರನೇ ದಿನ ಹೊತ್ತಿಗೆ ಸರಿಯಾಗಿ ಮತ್ತೆ ಚಳಿ. ಆಯುರ್ವೇದದವರು ವಿಷಮಜ್ವರದಲ್ಲಿ ತೃತೀಯಕ, ಚಾತುರ್ಥಿಕ ಅಂತ ದಿನದ ಲೆಕ್ಕದಲ್ಲೇ ವಿಂಗಡಿಸಿದ್ದರು. ಕಾರಣ ತಿಳಿಯದಿದ್ದರೂ ಗಮನಿಸಿದ್ದು ಬಹಳ ಸೂಕ್ಷ್ಮವಾಗಿತ್ತು. ಆದರೆ ಇವತ್ತು ಆ ದಿನ ಬಿಟ್ಟು ದಿನದ ಲೆಕ್ಕ ಕಾಣಲಿ ಅಂತ ಕಾದು ಕೂರುವುದು ತಪ್ಪು. ಮೊದಲ ಕೆಲವು ದಿನ ಎಲ್ಲ ಮರಿಗಳೂ ಒಂದೇ ಹೊತ್ತಿಗೆ ಬೆಳೆಯುತ್ತಿರುವುದಿಲ್ಲ, ಜ್ವರ ದಿನವೂ ಬರಬಹುದು, ಇಡೀ ದಿನ ಇರಬಹುದು.

ಎರಡು ಜಾತಿಗಳ ನಡುವಿನ ಮುಖ್ಯ ವ್ಯತ್ಯಾಸ ಇಲ್ಲಿಂದ ಶುರುವಾಗುತ್ತದೆ. ವೈವಾಕ್ಸ್ ಹೊಸದಾಗಿ ಹುಟ್ಟಿದ ಎಳೆಯ ಕೆಂಪು ಕಣಗಳನ್ನೇ ಹುಡುಕುತ್ತದೆ. ರಕ್ತದಲ್ಲಿ ಅಂಥವು ನೂರಕ್ಕೆ ಒಂದೆರಡು ಇರುವುದರಿಂದ ಅದರ ಸಂಖ್ಯೆಗೆ ತಾನಾಗಿಯೇ ಮಿತಿ ಬೀಳುತ್ತದೆ. ಫಾಲ್ಸಿಪಾರಂಗೆ ಎಳೆಯದು ಬಲಿತದ್ದು ಅಂತಿಲ್ಲ, ಎಲ್ಲ ಕಣಗಳಿಗೂ ನುಗ್ಗುತ್ತದೆ. ಅದು ಸೇರಿದ ಕಣಗಳ ಮೈಯೂ ಅಂಟಂಟಾಗಿ, ಸಣ್ಣ ರಕ್ತನಾಳಗಳ ಗೋಡೆಗೆ ಹತ್ತಿಕೊಂಡು ದಾರಿ ಕಟ್ಟುತ್ತವೆ. ಮೆದುಳಿನಲ್ಲಿ ಹಾಗಾದರೆ ಫಿಟ್ಸ್, ಪ್ರಜ್ಞೆ ತಪ್ಪುವುದು, ಸಾವು. ಮಲೇರಿಯಾದಲ್ಲಿ ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಇದೇ. ಜ್ವರದ ಜೊತೆ ಮಾತು ತೊದಲಿದರೆ, ಗಾಢ ನಿದ್ದೆಯಿಂದ ಎಬ್ಬಿಸಲಾಗದಿದ್ದರೆ, ಉಸಿರಾಟ ಕಷ್ಟವಾದರೆ, ಮೂತ್ರ ಕಟ್ಟಿದರೆ, ಮಗು ಹಾಲು ಕುಡಿಯದಿದ್ದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವ ಮಾತೇ ಇಲ್ಲ. ನೇರ ಆಸ್ಪತ್ರೆಗೆ. ವೈವಾಕ್ಸ್ ಸಾಧು ಅಂತಲೂ ತಿಳಿಯಬಾರದು. ಅದೂ ಕೆಲವರಲ್ಲಿ ವಿಪರೀತಕ್ಕೆ ಹೋಗುತ್ತದೆ, ಮರುಕಳಿಸಿ ಮರುಕಳಿಸಿ ರಕ್ತ ಬತ್ತಿಸುತ್ತದೆ.

ಒಡೆದ ಕಣಗಳನ್ನೆಲ್ಲ ಸೋಸುವ ಕೆಲಸ ಗುಲ್ಮದ್ದು, ಅಂದರೆ ಸ್ಪ್ಲೀನಿನದು. ಮತ್ತೆ ಮತ್ತೆ ಮಲೇರಿಯಾ ಬಂದವರಲ್ಲಿ ಅದು ಊದಿ ಎಡಗಡೆ ಪಕ್ಕೆಲುಬಿನ ಕೆಳಗೆ ಕೈಗೆ ಸಿಗುತ್ತದೆ. ಹಳಬರು ಜ್ವರಗಡ್ಡೆ ಅನ್ನುತ್ತಿದ್ದದ್ದು ಇದನ್ನೇ. ಊರಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ ನೋಡಿ, ನೂರಕ್ಕೆ ಎಷ್ಟು ಮಕ್ಕಳಿಗೆ ಗಡ್ಡೆ ಇದೆ ಅನ್ನುವುದರ ಮೇಲೆ ಆ ಊರಿನ ಮಲೇರಿಯಾದ ತೀವ್ರತೆ ಅಳೆಯುವ ಪದ್ಧತಿ ಇತ್ತು. ಅರ್ಧಕ್ಕಿಂತ ಹೆಚ್ಚಾದರೆ ಅದು ಅತಿ ಪೀಡಿತ ಊರು. ಯಂತ್ರ ಬೇಡ, ರಾಸಾಯನಿಕ ಬೇಡ, ವೈದ್ಯನ ಬೆರಳು ಸಾಕಾಗಿತ್ತು.

ಲಿವರ್‌ನಲ್ಲಿ ಮಲಗಿದವರು

ಈಗ 14 ದಿನದ ವಿಷಯ. ವೈವಾಕ್ಸಿನ ಸ್ಪೋರೋಜಾಯಿಟ್‌ಗಳು ಲಿವರ್ ಸೇರಿದಾಗ ಎಲ್ಲವೂ ತಕ್ಷಣ ಮರಿ ಹಾಕುವುದಿಲ್ಲ. ಕೆಲವು ಒಂದೇ ಕೋಶವಾಗಿ, ಚಿಕ್ಕದಾಗಿ, ಬೆಳವಣಿಗೆ ನಿಲ್ಲಿಸಿ ಮಲಗುತ್ತವೆ. ಇವನ್ನು ಹಿಪ್ನೋಜಾಯಿಟ್ ಅನ್ನುತ್ತಾರೆ. ಕಾಫಿ ಬೆಳೆಯುವವರಿಗೆ ಇದು ಬೇಗ ಅರ್ಥವಾಗಬೇಕು. ಗಿಡದ ಗೆಣ್ಣಿನಲ್ಲಿ ಮೊಗ್ಗು ಕಟ್ಟಿ, ಬೇಸಿಗೆಯಲ್ಲಿ ಬೆಳೆಯದೆ ಒಣಗದೆ ಸುಮ್ಮನಿದ್ದು, ಹೂಮಳೆ ಬಿದ್ದ ಹತ್ತು ದಿನಕ್ಕೆ ಇಡೀ ತೋಟ ಬಿಳಿಯಾಗುವುದಿಲ್ಲವೇ, ಹಾಗೆ. ಒಂದು ವ್ಯತ್ಯಾಸವೆಂದರೆ ಹೂಮಳೆ ಯಾವಾಗ ಅಂತ ಬೆಳೆಗಾರನಿಗೆ ಅಂದಾಜಿರುತ್ತದೆ, ಈ ಮಲಗಿದವು ಏಳುವ ದಿನವನ್ನು ಯಾರೂ ಮುಂಚಿತವಾಗಿ ಹೇಳಲಾರರು. ಕೆಲವು ವಾರಕ್ಕೆ ಏಳಬಹುದು, ಆರು ತಿಂಗಳಿಗೆ, ವರ್ಷಕ್ಕೆ ಏಳಬಹುದು. ಎಲ್ಲ ಒಟ್ಟಿಗೂ ಏಳುವುದಿಲ್ಲ. ಒಂದೇ ಸಲದ ಸೋಂಕಿನಿಂದ ಮೂರು ನಾಲ್ಕು ಸಲ ಜ್ವರ ಬರುವುದು ಹೀಗೆ.

ವಿಜ್ಞಾನಿಗಳಿಗೂ ಇದು ಬಹಳ ಕಾಲ ಕಾಣಲಿಲ್ಲ. 1903ರಲ್ಲಿ ಜರ್ಮನಿಯ ಫ್ರಿಟ್ಸ್ ಶಾಡಿನ್ ಎಂಬ ದೊಡ್ಡ ಹೆಸರಿನ ವಿಜ್ಞಾನಿ, ಸ್ಪೋರೋಜಾಯಿಟ್ ನೇರ ಕೆಂಪು ಕಣಕ್ಕೇ ನುಗ್ಗುವುದನ್ನು ಕಂಡೆ ಎಂದು ಬರೆದುಬಿಟ್ಟ. ಹೆಸರಿನ ಭಾರಕ್ಕೆ ಮಿಕ್ಕವರು ದಶಕಗಟ್ಟಲೆ ಬೇರೆ ಕಡೆ ಹುಡುಕಲೇ ಇಲ್ಲ. ಲಿವರ್‌ನಲ್ಲಿ ಒಂದು ಹಂತವಿದೆ ಅಂತ ಲಂಡನ್ನಿನಲ್ಲಿ ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ತೋರಿಸಿದ್ದು 1948ರಲ್ಲಿ. ಮಲಗಿರುವ ರೂಪಗಳನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದದ್ದು 1980ರ ಸುಮಾರಿಗೆ. ಅಂದರೆ ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅಂತ ಗೊತ್ತಾಗಿ ಎಂಬತ್ತು ವರ್ಷವಾದ ಮೇಲೆ.

ಮಲಗಿದವು ರಕ್ತದಲ್ಲಿ ಇರುವುದಿಲ್ಲ. ಆದ್ದರಿಂದ ರಕ್ತ ಪರೀಕ್ಷೆಗೆ ಸಿಗುವುದಿಲ್ಲ. ಮೂರು ದಿನ ಕ್ಲೋರೋಕ್ವಿನ್ ನುಂಗಿ ಆಮೇಲೆ ರಕ್ತ ಕೊಟ್ಟು "ಏನೂ ಇಲ್ಲ" ಅಂತ ಬರೆಸಿಕೊಂಡು ಬಂದರೆ, ರಕ್ತದಲ್ಲಿ ಏನೂ ಇಲ್ಲ ಅಂತ ಮಾತ್ರ ಅದರ ಅರ್ಥ. ಕ್ಲೋರೋಕ್ವಿನ್ ರಕ್ತದಲ್ಲಿ ಇರುವುದನ್ನು ಕೊಲ್ಲುತ್ತದೆ, ಜ್ವರ ಬಿಡುತ್ತದೆ. ಲಿವರ್‌ನಲ್ಲಿ ಮಲಗಿರುವುದಕ್ಕೆ ಅದು ತಾಗುವುದೇ ಇಲ್ಲ. ಅದನ್ನು ತೆಗೆಯುವುದು ಪ್ರೈಮಾಕ್ವಿನ್. ಪ್ರೈಮಾಕ್ವಿನ್ ಕೆಲಸ ಮಾಡುವುದು ಒಟ್ಟು ಎಷ್ಟು ಹೊಟ್ಟೆಗೆ ಹೋಯಿತು ಅನ್ನುವುದರ ಮೇಲೆ. ಅಷ್ಟನ್ನೂ ಒಂದೇ ದಿನ ಕೊಟ್ಟರೆ ಶರೀರ ತಡೆಯುವುದಿಲ್ಲ. ಅದಕ್ಕೇ ಸಣ್ಣ ಸಣ್ಣ ಪಾಲು ಮಾಡಿ 14 ದಿನಕ್ಕೆ ಹಂಚಿದ್ದಾರೆ. ಐದನೇ ದಿನಕ್ಕೆ ನಿಲ್ಲಿಸಿದವರು ಮೂರರಲ್ಲಿ ಒಂದು ಪಾಲು ಔಷಧಿ ನುಂಗಿದಂತಾಯಿತು ಅಷ್ಟೇ. ದಿನದ ಪ್ರಮಾಣವನ್ನು ಇಮ್ಮಡಿ ಮಾಡಿ 7 ದಿನಕ್ಕೆ ಮುಗಿಸುವ ಕ್ರಮವನ್ನೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಆದರೆ ಅದು ವೈದ್ಯರು ನೋಡಿ ಮಾಡುವ ತೀರ್ಮಾನ, ಮನೆಯಲ್ಲಿ ಕೂತು ಎರಡೆರಡು ನುಂಗಿ ಬೇಗ ಮುಗಿಸುವ ವಿಷಯವಲ್ಲ.

ಯಾಕೆಂದರೆ ಪ್ರೈಮಾಕ್ವಿನ್‌ಗೆ ಒಂದು ಅಪಾಯದ ಮುಖ ಇದೆ. ಕೆಲವರ ಕೆಂಪು ರಕ್ತಕಣಗಳಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರು ಈ ಮಾತ್ರೆ ನುಂಗಿದರೆ ಕಣಗಳು ಒಡೆಯುತ್ತವೆ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಏದುಸಿರು ಬರುತ್ತದೆ. ಇದು ಕಂಡ ಕೂಡಲೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ಮುಗಿಸಿ ಅಂತ ಒತ್ತಾಯಿಸುವ ನಾವು ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹೇಳದೆ ಮುಚ್ಚಿಟ್ಟು ನುಂಗಿಸಿದರೆ, ಒಬ್ಬರಿಗೆ ಹಾಗಾದ ಸುದ್ದಿ ಹಬ್ಬಿ ಇಡೀ ಲೈನು ಮಾತ್ರೆ ಎಸೆಯುತ್ತದೆ. ಇನ್ನು ಹೊಟ್ಟೆ ತೊಳಸುವುದು, ಉರಿ, ಇವು ಖಾಲಿ ಹೊಟ್ಟೆಯಲ್ಲಿ ನುಂಗಿದವರ ದೂರು. ಊಟವಾದ ಮೇಲೆ ನುಂಗಿದರೆ ಬಹುಪಾಲು ಸರಿಹೋಗುತ್ತದೆ.

ಲೈನುಗಳಲ್ಲಿ ಇನ್ನೊಂದು ತಕರಾರು ಬರುತ್ತದೆ: "ಪಕ್ಕದ ಮನೆಯೋನಿಗೆ ಒಂದೇ ದಿನ ಆ ಮಾತ್ರೆ ಕೊಟ್ರು, ನಂಗ್ಯಾಕೆ ಹದಿನಾಲ್ಕು?" ಪಕ್ಕದ ಮನೆಯವನದು ಫಾಲ್ಸಿಪಾರಂ. ಅದು ಲಿವರ್‌ನಲ್ಲಿ ಮಲಗುವ ಜಾತಿಯಲ್ಲ. ಅದಕ್ಕೆ ಆರ್ಟಿಸುನೇಟ್ ಮುಂತಾದ ಔಷಧಿಗಳ ಜೋಡಿ ಮೂರು ದಿನ ಕೊಟ್ಟು, ಪ್ರೈಮಾಕ್ವಿನ್ ಒಂದೇ ಸಲ ಕೊಡುತ್ತಾರೆ. ಆ ಒಂದು ಸಲದ್ದು ರೋಗಿಗಾಗಿ ಅಲ್ಲ, ಊರಿಗಾಗಿ. ರಕ್ತದಲ್ಲಿ ಪರಾವಲಂಬಿಯ ಗಂಡು ಹೆಣ್ಣು ರೂಪಗಳು ಹುಟ್ಟಿಕೊಂಡಿರುತ್ತವೆ, ಸೊಳ್ಳೆಗೆ ದಾಟುವುದು ಅವು ಮಾತ್ರ. ಪ್ರೈಮಾಕ್ವಿನ್ ಅವನ್ನು ಮುಗಿಸುತ್ತದೆ. ಒಂದೇ ಮಾತ್ರೆಗೆ ಎರಡು ರೋಗದಲ್ಲಿ ಎರಡು ಬೇರೆ ಕೆಲಸ.

ವೈವಾಕ್ಸ್ ಯಾಕೆ ಹೋಗಲೊಲ್ಲದು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇಲ್ಲಿದೆ. ಫಾಲ್ಸಿಪಾರಂನ ಗಂಡು ಹೆಣ್ಣು ರೂಪಗಳು ಬಲಿಯಲು ಹತ್ತು ದಿನದ ಮೇಲಾಗುತ್ತದೆ, ಅಷ್ಟರಲ್ಲಿ ಜ್ವರ ಬಂದು ರೋಗಿ ಚಿಕಿತ್ಸೆಗೆ ಸಿಕ್ಕಿಬಿಡಬಹುದು. ವೈವಾಕ್ಸಿನವು ಬೇಗ ಬರುತ್ತವೆ, ಎಷ್ಟೋ ಸಲ ಮೊದಲ ಚಳಿಗೂ ಮೊದಲೇ. ಆಸ್ಪತ್ರೆಗೆ ಬರುವಷ್ಟರಲ್ಲಿ ಆತ ಸೊಳ್ಳೆಗೆ ದಾಟಿಸಿ ಆಗಿರುತ್ತದೆ.

ಸೊಳ್ಳೆಯ ವಯಸ್ಸು

ಸೊಳ್ಳೆ ಒಬ್ಬರನ್ನು ಕಚ್ಚಿ ಬಂದ ಕೂಡಲೇ ಇನ್ನೊಬ್ಬರಿಗೆ ಮಲೇರಿಯಾ ಅಂಟಿಸುವುದಿಲ್ಲ. ಹೀರಿದ ರಕ್ತದಲ್ಲಿನ ಗಂಡು ಹೆಣ್ಣು ರೂಪಗಳು ಸೊಳ್ಳೆಯ ಹೊಟ್ಟೆಯಲ್ಲಿ ಕೂಡಿ, ಹೊಟ್ಟೆಯ ಗೋಡೆಯಲ್ಲಿ ಗಂಟಾಗಿ, ಆ ಗಂಟು ಒಡೆದು ಸ್ಪೋರೋಜಾಯಿಟ್‌ಗಳು ಎಂಜಲಿನ ಗ್ರಂಥಿ ಸೇರಬೇಕು. ಬೆಚ್ಚನೆಯ ಹವೆಯಲ್ಲಿ ಇದಕ್ಕೆ ಹತ್ತರಿಂದ ಹದಿನಾಲ್ಕು ದಿನ. ತಂಪಾದಷ್ಟೂ ನಿಧಾನ, 16 ಡಿಗ್ರಿಗಿಂತ ಕೆಳಗೆ ವೈವಾಕ್ಸ್ ಬೆಳೆಯುವುದೇ ಇಲ್ಲ. ಸೊಳ್ಳೆಯ ಆಯಸ್ಸೋ ಎರಡು ಮೂರು ವಾರದ್ದು, ಬಹಳಷ್ಟು ಅಷ್ಟೂ ಬದುಕುವುದಿಲ್ಲ. ಹಾಗಾಗಿ ರೋಗ ಹರಡುವುದು ಮುದಿ ಸೊಳ್ಳೆಗಳು ಮಾತ್ರ.

ಇದರಲ್ಲಿ ನಮಗೆ ದೊಡ್ಡ ಅನುಕೂಲವಿದೆ. ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳೋಣ: ಒಂದು ಊರಿನಲ್ಲಿ ದಿನಕ್ಕೆ 100ಕ್ಕೆ 20 ಸೊಳ್ಳೆ ಸಾಯುತ್ತವೆ. ಆಗ 12 ದಿನ ದಾಟಿ ಬದುಕುವವು 100ಕ್ಕೆ ಸುಮಾರು 7. ಗೋಡೆಗೆ ಔಷಧಿ ಹೊಡೆದು, ಔಷಧಿ ಲೇಪಿಸಿದ ಪರದೆ ಕಟ್ಟಿ, ದಿನಕ್ಕೆ 100ಕ್ಕೆ 40 ಸಾಯುವ ಹಾಗೆ ಮಾಡಿದರೆ? 12 ದಿನ ದಾಟುವವು 1000ಕ್ಕೆ 2. ಸಾವು ಇಮ್ಮಡಿಯಾಯಿತು, ಅಪಾಯದ ಸೊಳ್ಳೆ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಊರಿನ ಸೊಳ್ಳೆಯನ್ನೆಲ್ಲ ಕೊಲ್ಲಬೇಕಾಗಿಲ್ಲ, ಅವು ಮುದಿಯಾಗದಂತೆ ನೋಡಿಕೊಂಡರೆ ಮಲೇರಿಯಾ ನಿಲ್ಲುತ್ತದೆ. ಔಷಧಿ ಹೊಡೆದರೂ ಸೊಳ್ಳೆ ಇದೆಯಲ್ಲ ಅಂತ ದೂರುವವರಿಗೆ ಈ ಲೆಕ್ಕ ತೋರಿಸಬೇಕು. ರಕ್ತ ಕುಡಿದು ಹೊಟ್ಟೆ ಭಾರವಾದ ಸೊಳ್ಳೆ ಒಳಗೋಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತದೆ. ಗೋಡೆಗೆ ಔಷಧಿ ಹೊಡೆಯುವುದು ಅದಕ್ಕೇ. ಹೊಡೆದ ವಾರಕ್ಕೆ ಸುಣ್ಣ ಬಳಿದರೆ ಎಲ್ಲ ದಂಡ.

ಅನಾಫಿಲಿಸ್ ಗುರುತು ಕಷ್ಟವಲ್ಲ. ಗೋಡೆಯ ಮೇಲೆ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುತ್ತದೆ, ಮಿಕ್ಕವು ಗೋಡೆಗೆ ಸಮನಾಗಿ. ಮರಿಹುಳುಗಳು ನೀರಿನ ಮೇಲ್ಮೈಗೆ ಅಡ್ಡಡ್ಡ ಮಲಗಿರುತ್ತವೆ, ಚರಂಡಿಯ ಕ್ಯೂಲೆಕ್ಸಿನವು ತಲೆ ಕೆಳಗಾಗಿ ನೇತಾಡುತ್ತವೆ. ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಕೊಳಚೆ ನೀರು ಅದಕ್ಕೆ ಬೇಡ, ತಿಳಿನೀರು ಬೇಕು. ಚರಂಡಿಗೆ ಪುಡಿ ಚೆಲ್ಲಿ ಮಲೇರಿಯಾ ಓಡಿಸಿದೆವು ಅಂದುಕೊಳ್ಳುವ ಪಂಚಾಯಿತಿಗಳಿಗೆ ಇದು ಇನ್ನೂ ಮನವರಿಕೆಯಾಗಬೇಕು.

ಹಾಸನ ಜಿಲ್ಲೆಯೊಂದರಲ್ಲೇ ಎರಡು ಬಗೆಯ ನೀರಿದೆ, ಎರಡು ಬಗೆಯ ಸೊಳ್ಳೆಯಿದೆ. ಸಕಲೇಶಪುರ, ಆಲೂರಿನ ಕಡೆ, ಘಟ್ಟದ ಮಗ್ಗುಲಲ್ಲಿ, ಮೆಲ್ಲಗೆ ಹರಿಯುವ ಹಳ್ಳ, ಒರತೆ, ಬಸಿಗಾಲುವೆಗಳ ಹುಲ್ಲಂಚು ಅನಾಫಿಲಿಸ್ ಫ್ಲುವಿಯಾಟಿಲಿಸ್‌ಗೆ ಇಷ್ಟ. ಜುಲೈನ ಹುಚ್ಚು ಮಳೆಯಲ್ಲಿ ಹಳ್ಳ ಉಕ್ಕಿ ಮರಿಹುಳುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ಹಿಂದಾಗಿ ನೀರು ತಿಳಿಯಾದ ಮೇಲೆ ಅವಕ್ಕೆ ಸುಗ್ಗಿ, ಅದೂ ಕೊಯ್ಲಿಗೆ ಆಳುಗಳು ಬಂದು ಲೈನು ತುಂಬುವ ಹೊತ್ತಿಗೆ. ಪೂರ್ವಕ್ಕೆ ಇಳಿದು ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿಗೆ ಬಂದರೆ ಅಲ್ಲಿನದು ಅನಾಫಿಲಿಸ್ ಕ್ಯೂಲಿಸಿಫೇಸಿಸ್. ಬಾವಿ, ಕೆರೆಯಂಚಿನ ಗುಂಡಿ, ನಾಲೆ ನೀರು ನಿಂತ ಮಡು ಅದರ ತಾಣ. ಕರ್ನಾಟಕದ ಬಯಲುಸೀಮೆಯ ಹಳ್ಳಿಗಳಲ್ಲಿ ಬಾವಿ ಕೆರೆಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟು ಮರಿಹುಳು ತಿನ್ನಿಸಿದ್ದು ಚೆನ್ನಾಗಿ ಫಲ ಕೊಟ್ಟಿದೆ. ಅದೇ ಉಪಾಯವನ್ನು ಮಲೆನಾಡಿನ ಹರಿಯುವ ಹಳ್ಳಕ್ಕೆ ತಂದರೆ ಮೀನು ನೀರಿನ ಜೊತೆ ಹೇಮಾವತಿ ಸೇರುತ್ತದೆ ಅಷ್ಟೇ. ತೋಟದ ಕೆರೆಗೆ, ಸ್ಪ್ರಿಂಕ್ಲರಿಗೆ ನೀರು ತುಂಬಿಡುವ ತೊಟ್ಟಿಗೆ ಬಿಟ್ಟರೆ ಉಪಯೋಗ ಉಂಟು.

ಹೋಗಿ ಬಂದ ಕಾಯಿಲೆ

ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಗಂಟು ಕಂಡ ಕತೆ ಶಾಲೆಯ ಪುಸ್ತಕದಲ್ಲಿದೆ. ಅವನಿಗೆ ಸೊಳ್ಳೆಯ ಮೇಲೆ ಮೊದಲು ಕಣ್ಣು ಬಿದ್ದದ್ದು ಬೆಂಗಳೂರಿನಲ್ಲಿ, 1883ರಲ್ಲಿ ಅಲ್ಲಿ ಸೇನಾ ವೈದ್ಯನಾಗಿದ್ದಾಗ. ಬಂಗಲೆಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳು ನೋಡಿ, ನೀರು ಚೆಲ್ಲಿಸಿದ. ಸೊಳ್ಳೆ ಕಡಿಮೆಯಾಯಿತು. ಆಗ ಅವನಿಗೆ ಅದು ಕಾಟ ಮಾತ್ರ, ಕಾಯಿಲೆಯ ಸುಳಿವಲ್ಲ. ಮೈಸೂರಿನ ಹೆಸರು ಹೊತ್ತ ಸೊಳ್ಳೆಯೂ ಒಂದಿದೆ: ಅನಾಫಿಲಿಸ್ ಸ್ಟೀಫೆನ್ಸಿಯಲ್ಲಿ ಮೊಟ್ಟೆಯ ರಚನೆ ಬೇರೆಯಾಗಿರುವ ಒಂದು ಬಗೆಗೆ 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬವರು ಮೈಸೂರೆನ್ಸಿಸ್ ಅಂತ ಹೆಸರಿಟ್ಟರು.

ಮಲೆನಾಡಿಗೆ ಮಲೇರಿಯಾ ಬರೀ ಕಾಯಿಲೆಯಾಗಿರಲಿಲ್ಲ. ಬಯಲುಸೀಮೆಯವರು ಆ ಕಡೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಿದ್ದರು, ಸರ್ಕಾರಿ ನೌಕರರಿಗೆ ಮಲೆನಾಡಿಗೆ ವರ್ಗವೆಂದರೆ ಶಿಕ್ಷೆ. ಜನಸಂಖ್ಯೆ ಇಳಿಯುತ್ತಿದ್ದದ್ದು ಕಂಡು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸರ್ಕಾರ ಮಲೆನಾಡು ಸುಧಾರಣೆಗೆಂದೇ ಯೋಜನೆ ಹಾಕಿತ್ತು. ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಮಂದಿಗೆ ಮಲೇರಿಯಾ, 8 ಲಕ್ಷ ಸಾವು ಅಂತ ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಮನೆ ಮನೆಗೆ ಡಿಡಿಟಿ ಹೊಡೆದರು. 1965ಕ್ಕೆ ಇಡೀ ದೇಶದಲ್ಲಿ ಸುಮಾರು 1 ಲಕ್ಷ ಪ್ರಕರಣ. ಗೆದ್ದೆವು ಅನ್ನುವಷ್ಟರಲ್ಲಿ ಹಣ, ಗಮನ ಎರಡೂ ಸಡಿಲವಾದವು. ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು. 1976ರಲ್ಲಿ 64 ಲಕ್ಷ ದಾಟಿತು. ಮತ್ತೆ ಹತೋಟಿಗೆ ತಂದು 2015ರಲ್ಲಿ 11 ಲಕ್ಷ ಚಿಲ್ಲರೆ ಇದ್ದದ್ದು 2023ಕ್ಕೆ ಸುಮಾರು 2.27 ಲಕ್ಷಕ್ಕೆ ಇಳಿದಿದೆ. 2030ಕ್ಕೆ ದೇಶದಿಂದಲೇ ತೊಲಗಿಸುವುದು ಸರ್ಕಾರದ ಗುರಿ.

ಕೊನೆಯ ಕೆಲವು ಪ್ರಕರಣ ತೆಗೆಯುವುದೇ ಕಷ್ಟದ್ದು. ಯಾಕೆಂದರೆ ಇವತ್ತು ಮಲೆನಾಡಿನಲ್ಲಿ ಮಲೇರಿಯಾ ಕಂಡರೆ ಅದು ಇಲ್ಲಿಯ ಹಳ್ಳದ್ದೋ ಹೊರಗಿನಿಂದ ಬಂದದ್ದೋ ಅಂತ ಮೊದಲು ನೋಡಬೇಕು. ಶಿರಾಡಿ ಘಾಟಿ ಇಳಿದರೆ ಮಂಗಳೂರು. ಕಟ್ಟಡದ ತೊಟ್ಟಿ, ಮಾಳಿಗೆಯ ಟ್ಯಾಂಕಿನಲ್ಲಿ ಬೆಳೆಯುವ ಸ್ಟೀಫೆನ್ಸಿ ಸೊಳ್ಳೆಯಿಂದಾಗಿ ವರ್ಷಗಟ್ಟಲೆ ರಾಜ್ಯದ ಹೆಚ್ಚಿನ ಮಲೇರಿಯಾ ಅಲ್ಲೇ ಇತ್ತು. ಗಾರೆ ಕೆಲಸಕ್ಕೆ ಹೋಗಿ ಹಬ್ಬಕ್ಕೆ ಊರಿಗೆ ಬಂದವರ ಲಿವರ್‌ನಲ್ಲಿ ಮಲಗಿದ್ದು ಊರಲ್ಲಿ ಏಳುತ್ತದೆ. ತೋಟಗಳಿಗೆ ಈಗ ಅಸ್ಸಾಂ, ಜಾರ್ಖಂಡ್, ಒಡಿಶಾದಿಂದ ಆಳುಗಳು ಬರುತ್ತಾರೆ, ಅಲ್ಲಿನ ಕೆಲವು ಜಿಲ್ಲೆಗಳಲ್ಲಿ ಮಲೇರಿಯಾ ಇನ್ನೂ ಜಾಸ್ತಿ. ಇದನ್ನು ಕೇಳಿ "ಹಿಂದಿಯೋರು ಕಾಯಿಲೆ ತಂದ್ರು" ಅನ್ನುವ ತೋಟದ ಮಾಲೀಕರಿದ್ದಾರೆ. ಪರದೆ ಇಲ್ಲದ, ಗೋಡೆಗೂ ಸೂರಿಗೂ ನಡುವೆ ಗೇಣು ಸಂದಿ ಬಿಟ್ಟ ಲೈನಿನಲ್ಲಿ ಅವರನ್ನು ಮಲಗಿಸಿದ್ದು ಯಾರು ಅಂತ ಅವರು ಹೇಳುವುದಿಲ್ಲ. ಬಂದ ವಾರದಲ್ಲೇ ಜ್ವರ ಇದ್ದವರ, ಇತ್ತೀಚೆಗೆ ಜ್ವರ ಬಂದು ಹೋದವರ ರಕ್ತ ಪರೀಕ್ಷೆ ಮಾಡಿಸಿದರೆ ಆಳಿಗೂ ಒಳ್ಳೆಯದು, ತೋಟಕ್ಕೂ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿದರೆ ಇದಕ್ಕೆ ದುಡ್ಡಿಲ್ಲ.

ಪರೀಕ್ಷೆ ಎರಡು ಥರ. ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯದು, ಇಂದಿಗೂ ನೆಚ್ಚುವಂಥದ್ದು. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ನಮ್ಮ ದೇಶದಲ್ಲೇ ರೂಪಿಸಿದ ಜೆಎಸ್‌ಬಿ ಬಣ್ಣ ಇಂದೂ ಬಳಕೆಯಲ್ಲಿದೆ. ಇನ್ನೊಂದು ಕಿಟ್, ಇಪ್ಪತ್ತು ನಿಮಿಷದಲ್ಲಿ ಗೆರೆ ತೋರಿಸುತ್ತದೆ, ತೋಟದ ಬಾಗಿಲಲ್ಲೇ ಆಗುತ್ತದೆ. ಫಾಲ್ಸಿಪಾರಂ ವಾಸಿಯಾದ ಮೇಲೂ ಕಿಟ್ಟಿನಲ್ಲಿ ಕೆಲವು ವಾರ ಗೆರೆ ಬರುತ್ತಿರಬಹುದು. ಅದನ್ನು ಹೊಸ ಸೋಂಕು ಅಂದುಕೊಳ್ಳದಿರಲು ಸ್ಲೈಡ್ ನೋಡಿಸಬೇಕು. ಲಸಿಕೆಯ ಬಗ್ಗೆ ಕೇಳುವವರಿಗೆ: ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದನ್ನು, 2023ರಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಇನ್ನೊಂದನ್ನು ಮಕ್ಕಳಿಗೆ ಶಿಫಾರಸು ಮಾಡಿದೆ. ಎರಡೂ ಫಾಲ್ಸಿಪಾರಂಗೆ, ಮುಖ್ಯವಾಗಿ ಬಳಕೆಯಾಗುತ್ತಿರುವುದು ಆಫ್ರಿಕಾದಲ್ಲಿ. ವೈವಾಕ್ಸಿಗೆ ಇನ್ನೂ ಇಲ್ಲ.

ಹಿಪ್ನೋಜಾಯಿಟ್ ತೆಗೆಯಲು ಒಂದೇ ಸಲ ನುಂಗುವ ಟಫೆನೋಕ್ವಿನ್ ಎಂಬ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 14 ದಿನದ ತಲೆನೋವು ಅದರಿಂದ ತಪ್ಪುತ್ತದೆ. ಆದರೆ ನುಂಗಿದ ಮೇಲೆ ಅದು ಮೈಯಲ್ಲಿ ವಾರಗಟ್ಟಲೆ ಇರುವುದರಿಂದ, ತೊಂದರೆಯಾಯಿತು ಅಂತ ಮಧ್ಯದಲ್ಲಿ ನಿಲ್ಲಿಸುವ ದಾರಿಯೇ ಇಲ್ಲ. ಕೊಡುವ ಮೊದಲು ಜಿ6ಪಿಡಿ ಎಷ್ಟಿದೆ ಅಂತ ಅಳೆದು ನೋಡಲೇಬೇಕು.

ಬಸುರಿಯರಿಗೂ ಒಂದು ವರ್ಷದೊಳಗಿನ ಮಕ್ಕಳಿಗೂ ಪ್ರೈಮಾಕ್ವಿನ್ ಕೊಡುವುದಿಲ್ಲ. ವೈವಾಕ್ಸ್ ಬಂದ ಬಸುರಿಗೆ ಕ್ಲೋರೋಕ್ವಿನ್ ಮಾತ್ರ ಕೊಟ್ಟು ಜ್ವರ ಇಳಿಸುತ್ತಾರೆ, ಲಿವರ್‌ನಲ್ಲಿ ಮಲಗಿದವು ಹಾಗೇ ಉಳಿಯುತ್ತವೆ. ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಗಳು ಹಳೆಯ ಚೀಟಿಯನ್ನು ತಾಯಿ ಕಾರ್ಡಿನ ಜೊತೆ ಇಟ್ಟುಕೊಂಡು ಹೋಗಬೇಕು. ಅಲ್ಲಿನ ವೈದ್ಯರಿಗೆ "ನಾಲ್ಕು ತಿಂಗಳಲ್ಲಿ ವೈವಾಕ್ಸ್ ಆಗಿತ್ತು, ಪ್ರೈಮಾಕ್ವಿನ್ ಕೊಟ್ಟಿಲ್ಲ" ಅಂತ ಗೊತ್ತಾದರೆ, ಹೆರಿಗೆಯಾದ ಮೇಲೆ ಯಾವಾಗ ಕೊಡಬೇಕು ಅಂತ ಅವರು ನೋಡುತ್ತಾರೆ. ಮಿಕ್ಕವರಿಗೂ ಇದೇ ಮಾತು: ಒಂದು ಸಲ ವೈವಾಕ್ಸ್ ಬಂದಿದ್ದವರಿಗೆ ಮುಂದಿನ ಒಂದು ವರ್ಷದಲ್ಲಿ ಯಾವ ಊರಲ್ಲಿ ಜ್ವರ ಬಂದರೂ, ಮಳೆಯಲ್ಲಿ ನೆನೆದದ್ದಕ್ಕೆ ಅನ್ನಿಸಿದರೂ, ಹಿಂದೆ ಮಲೇರಿಯಾ ಆಗಿತ್ತು, ಮಾತ್ರೆ ಇಷ್ಟು ದಿನ ನುಂಗಿದ್ದೆ ಅಂತ ಮೊದಲೇ ಹೇಳಿ ರಕ್ತ ಕೊಡಬೇಕು.